ಲಿಂಕ್ ಒತ್ತುವ ಮುಂಚೆ ವಿಳಾಸ ಓದಿ

ತಿಪಟೂರಿನಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಪಹಣಿ ತೆಗೆಸಲು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು, ಮಕ್ಕಳ ಪರೀಕ್ಷೆ ಶುಲ್ಕ ಕಟ್ಟಲು ಜನ ಬರುತ್ತಾರೆ. ಕೊಬ್ಬರಿ ಹರಾಜಿನ ದಿನ ಎಪಿಎಂಸಿಗೆ ಬಂದವರು ಊರಿನ ಬಸ್ಸಿಗೆ ಇನ್ನೂ ಹೊತ್ತಿದ್ದರೆ ಹಾಗೇ ಒಳಗೆ ಬಂದು ಕೂರುತ್ತಾರೆ. ಈಚೆಗೆ ಇವರಲ್ಲಿ ತುಂಬ ಜನ ಬರುವುದು ಒಂದೇ ಪ್ರಶ್ನೆ ಹಿಡಿದುಕೊಂಡು. ಫೋನನ್ನು ನನ್ನ ಮುಂದೆ ಚಾಚಿ, “ಅಕ್ಕಾ, ಇದು ನಿಜವಾದ್ದಾ ನೋಡಿ” ಎನ್ನುತ್ತಾರೆ. ಕೆಲವರು ಒತ್ತುವ ಮುಂಚೆ ಬರುತ್ತಾರೆ. ಹೆಚ್ಚಿನವರು ಒತ್ತಿ, ದುಡ್ಡು ಹೋದ ಮೇಲೆ ಬರುತ್ತಾರೆ. ಮೊದಲ ಗುಂಪಿನವರು ಹೆಚ್ಚಾಗಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ವೆಬ್‌ಸೈಟ್ ನೋಡಲು ಹೇಗಿದೆ ಎಂಬುದರಿಂದ ಅದು ಅಸಲಿಯೋ ನಕಲಿಯೋ ತಿಳಿಯುವುದಿಲ್ಲ. ಸರ್ಕಾರಿ ತಾಣದ ಒಂದು ಪುಟವನ್ನು ಇದ್ದಂತೆಯೇ ನಕಲು ಮಾಡಲು ಕೆಲಸ ಗೊತ್ತಿದ್ದವರಿಗೆ ಕೆಲವು ನಿಮಿಷ ಸಾಕು. ಗಂಡಭೇರುಂಡದ ಲಾಂಛನ, ಮಂತ್ರಿಗಳ ಫೋಟೊ, ಕೆಳಗೆ ಇಲಾಖೆಯ ಹೆಸರು, ಎಲ್ಲವೂ ಹಾಗ್ಹಾಗೇ ಬಂದು ಕೂರುತ್ತವೆ. ಹಿಂದೆ ಕಾಗುಣಿತ ನೋಡಿ ಕಂಡುಹಿಡಿಯುತ್ತಿದ್ದೆವು. ತಪ್ಪುತಪ್ಪು ಇಂಗ್ಲಿಷು, ಅರ್ಥವಾಗದ ಕನ್ನಡ ಕಂಡರೆ ಅನುಮಾನ ಬರುತ್ತಿತ್ತು. ಈಗ ಎಐ ಇಟ್ಟುಕೊಂಡು ಬರೆಸುತ್ತಾರೆ. ಇಲಾಖೆಯ ಪ್ರಕಟಣೆಗಿಂತ ಚೊಕ್ಕವಾದ ಕನ್ನಡದಲ್ಲಿ ಮೋಸದ ಮೆಸೇಜು ಬಂದಿರುವುದನ್ನು ನಾನೇ ಓದಿದ್ದೇನೆ. ಕಣ್ಣಿಗೆ ಕಾಣುವ ಚೆಂದವನ್ನು ಬದಿಗಿಟ್ಟು ಎರಡು ವಿಷಯ ನೋಡಬೇಕು. ನೀವು ನಿಂತಿರುವ ತಾಣದ ವಿಳಾಸ ಏನು? ಅಲ್ಲಿಗೆ ನಿಮ್ಮನ್ನು ಕರೆತಂದವರು ಯಾರು? ಇವೆರಡನ್ನು ಕಲಿತರೆ ಮುಕ್ಕಾಲು ಪಾಲು ಮೋಸ ಬಾಗಿಲಲ್ಲೇ ನಿಲ್ಲುತ್ತದೆ ಎಂಬುದು ನನ್ನ ಅನುಭವ.

ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನ ಕಾಲ ನೆನಪಿದೆಯಲ್ಲ? 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೆಲ್ಲ ಅತಿ ಸುರಕ್ಷಿತ ನಂಬರ್ ಪ್ಲೇಟ್ ಹಾಕಿಸಲೇಬೇಕು ಎಂದು 2023ರಲ್ಲಿ ನಮ್ಮ ಸಾರಿಗೆ ಇಲಾಖೆ ಆದೇಶ ಹೊರಡಿಸಿತು. ನವೆಂಬರ್ 17 ಮೊದಲ ಗಡುವು; ಆಮೇಲೆ ಅದು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ದಂಡ ಬೀಳುತ್ತದೆ ಎಂಬ ಭಯದಲ್ಲಿ ಜನ ಗೂಗಲ್‌ನಲ್ಲಿ ಹುಡುಕತೊಡಗಿದರು, ನಕಲಿ ತಾಣಗಳು ಹುಟ್ಟಿಕೊಂಡವು. ಬುಕಿಂಗ್‌ಗೆ ಇದ್ದ ದಾರಿ ಎರಡೇ. ಒಂದು ಸಾರಿಗೆ ಇಲಾಖೆಯ ತಾಣ, ಇನ್ನೊಂದು ವಾಹನ ತಯಾರಕರ ಸಂಘವಾದ ಸಿಯಾಮ್‌ನ ತಾಣ.

ಪಕ್ಕದ ಬೀದಿಯ ಹಾರ್ಡ್‌ವೇರ್ ಅಂಗಡಿಯ ಅಣ್ಣ ಆಗ ಒಂದು ರಸೀದಿ ತಂದು ತೋರಿಸಿದರು. “ದುಡ್ಡು ಕಟ್ಟಿ ಆಯ್ತು ಕಣಮ್ಮ, ಪ್ಲೇಟ್ ಯಾವತ್ತು ಬರುತ್ತೆ ಅಂತ ನೋಡು” ಎಂದರು. ಅವರು ಹೋಗಿದ್ದ ತಾಣವನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದೆವು. ನೋಡಲು ಯಾವ ಕೊರತೆಯೂ ಇರಲಿಲ್ಲ. ಗಾಡಿ ನಂಬರ್ ಕೇಳಿತು, ಚಾಸಿ ನಂಬರ್ ಕೇಳಿತು. ನಾನು ಚಾಸಿ ನಂಬರಿನ ಜಾಗದಲ್ಲಿ ಬಾಯಿಗೆ ಬಂದ ಅಂಕಿ ತುಂಬಿದೆ. ಅದು ಒಪ್ಪಿಕೊಂಡು ನೇರವಾಗಿ ಹಣ ಕಟ್ಟುವ ಪುಟಕ್ಕೆ ಹೋಯಿತು. ಅಸಲಿ ತಾಣವಾಗಿದ್ದರೆ ಗಾಡಿಯ ನಂಬರ್, ಚಾಸಿ, ಎಂಜಿನ್ ಮೂರನ್ನೂ ಸರ್ಕಾರದ ‘ವಾಹನ್’ ದಾಖಲೆಯೊಂದಿಗೆ ತಾಳೆ ನೋಡುತ್ತದೆ, ಒಂದು ಅಂಕಿ ತಪ್ಪಿದರೂ ಮುಂದಕ್ಕೆ ಬಿಡುವುದಿಲ್ಲ. ಹಣದ ಪುಟದಲ್ಲಿದ್ದದ್ದು ಒಂದು ಕ್ಯೂಆರ್ ಕೋಡ್. ಅದನ್ನು ಸ್ಕ್ಯಾನ್ ಮಾಡಿದರೆ ಇಲಾಖೆಯ ಹೆಸರೂ ಇಲ್ಲ, ಕಂಪನಿಯ ಹೆಸರೂ ಇಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂತು. ತಾಣ ಯಾವಾಗ ನೋಂದಣಿಯಾಗಿದೆ ಎಂದು ‘ಹೂ ಈಸ್’ ಎಂಬ ಸೇವೆಯಲ್ಲಿ ನೋಡಿದೆ. ಅದು ಹುಟ್ಟಿ ಒಂದು ತಿಂಗಳೂ ಆಗಿರಲಿಲ್ಲ.

ಇಲ್ಲಿ ಎರಡು ಮಾತು. ಸುಳ್ಳು ವಿವರ ಕೊಟ್ಟು ಪರೀಕ್ಷಿಸುವ ಉಪಾಯ ಒಂದೇ ಕಡೆ ಕೆಲಸ ಮಾಡುತ್ತದೆ. ಸುಳ್ಳನ್ನು ಒಪ್ಪಿಕೊಂಡ ತಾಣ ಖಂಡಿತ ನಕಲಿ. ಒಪ್ಪಲಿಲ್ಲ ಎಂದ ಮಾತ್ರಕ್ಕೆ ಅಸಲಿ ಎಂದು ತಿಳಿಯಬೇಡಿ, ಏಕೆಂದರೆ ಪಾಸ್‌ವರ್ಡ್ ತಪ್ಪು ಎಂದು ಬೇಕೆಂದೇ ತೋರಿಸಿ ಎರಡನೇ ಸಲ ಟೈಪ್ ಮಾಡಿಸುವ ಕಳ್ಳರೂ ಇದ್ದಾರೆ. ಇನ್ನು ಯುಪಿಐನಲ್ಲಿ ಪಿನ್ ಒತ್ತುವ ಮುಂಚೆ ಕಾಣುವ ಹೆಸರು. ಹಣ ಪಡೆಯುವವರ ಬ್ಯಾಂಕ್ ಖಾತೆಯಲ್ಲಿ ಯಾವ ಹೆಸರಿದೆಯೋ ಅದನ್ನೇ ತೋರಿಸಬೇಕು ಎಂದು ಯುಪಿಐ ನಡೆಸುವ ಎನ್‌ಪಿಸಿಐ 2025ರಲ್ಲಿ ಎಲ್ಲ ಆ್ಯಪ್‌ಗಳಿಗೂ ನಿಯಮ ಮಾಡಿದೆ. ಆ ಹೆಸರನ್ನು ಓದದೆ ಪಿನ್ ಒತ್ತಬೇಡಿ. ಸರ್ಕಾರದ ಶುಲ್ಕ ಯಾವ ಖಾಸಗಿ ವ್ಯಕ್ತಿಯ ಹೆಸರಿನ ಖಾತೆಗೂ ಹೋಗುವುದಿಲ್ಲ.

ಈಗ ವಿಳಾಸಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಓದು ಬರಹ ಬಲ್ಲವರೂ ಎಡವುವುದು ಇಲ್ಲೇ.

ಅಂಚೆ ಕವರಿನ ಮೇಲೆ ಮನೆಯ ಹೆಸರು ಮೊದಲು, ಊರು-ಜಿಲ್ಲೆ ಕೊನೆಗೆ ಬರುತ್ತವೆ. ವೆಬ್ ವಿಳಾಸವೂ ಹಾಗೆಯೇ. ಯಾರು ಬೇಕಾದರೂ ತಮ್ಮ ಮನೆಗೆ ‘ವಿಧಾನಸೌಧ’ ಎಂದು ಹೆಸರಿಟ್ಟು ಬೋರ್ಡು ಬರೆಸಬಹುದು. ಅದು ಯಾವ ಊರಿನ ಮನೆ ಎಂಬುದು ಕೊನೆಯ ಸಾಲಿನಲ್ಲಿ ತಿಳಿಯುತ್ತದೆ. ವೆಬ್ ವಿಳಾಸದಲ್ಲಿ ಆ ಕೊನೆಯ ಸಾಲು ಎಲ್ಲಿದೆ? ಮೊದಲಿಗೆ ಬರುವ ‘ಎಚ್‌ಟಿಟಿಪಿಎಸ್’ ಮತ್ತು ಎರಡು ಓರೆಗೆರೆ ಬಿಟ್ಟುಬಿಡಿ. ಅಲ್ಲಿಂದ ಮುಂದೆ ಮೊದಲ ಒಂಟಿ ಓರೆಗೆರೆ ಸಿಗುವ ತನಕ ಹೋಗಿ. ಆ ಗೆರೆಯಾಚೆ ಏನೇ ಬರೆದಿದ್ದರೂ ಲೆಕ್ಕಕ್ಕಿಲ್ಲ. ಗೆರೆಯಿಂದ ಹಿಂದಕ್ಕೆ, ಅಂದರೆ ಬಲದಿಂದ ಎಡಕ್ಕೆ ಓದಿ. ಮೊದಲು ಸಿಗುವುದು ಬಾಲ: ಡಾಟ್ ಕಾಂ, ಡಾಟ್ ಇನ್, ಡಾಟ್ ಸಿಒ ಡಾಟ್ ಇನ್, ಡಾಟ್ ಜಿಒವಿ ಡಾಟ್ ಇನ್, ಹೀಗೆ. ಆ ಬಾಲಕ್ಕೆ ಅಂಟಿಕೊಂಡು ಎಡಕ್ಕಿರುವ ಹೆಸರೇ ತಾಣದ ಯಜಮಾನನದು. ಅದಕ್ಕಿಂತ ಎಡಕ್ಕೆ ಚುಕ್ಕೆ ಇಟ್ಟು ಏನು ಬೇಕಾದರೂ ಸೇರಿಸಿಕೊಳ್ಳಲು ಆ ಯಜಮಾನನಿಗೆ ಪೂರ್ತಿ ಸ್ವಾತಂತ್ರ್ಯ ಇದೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ‘ಟ್ರಾನ್ಸ್‌ಪೋರ್ಟ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’, ಇದು ಅಸಲಿ. ಹಿಂದಿನಿಂದ ಓದಿದರೆ ಬಾಲ ಜಿಒವಿ ಡಾಟ್ ಇನ್, ಯಜಮಾನ ಕರ್ನಾಟಕ ಸರ್ಕಾರ, ಅದರೊಳಗಿನ ಸಾರಿಗೆ ಇಲಾಖೆ. ಇದೇ ಸಾಲಿನ ತುದಿಗೆ ಇನ್ನೆರಡು ಪದ ಅಂಟಿಸಿ ‘ಟ್ರಾನ್ಸ್‌ಪೋರ್ಟ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ಡಾಟ್ ಪ್ಲೇಟ್‌ಬುಕ್ ಡಾಟ್ ಸೈಟ್’ ಎಂದು ಮಾಡಿದರೆ? ಎಡದಿಂದ ಓದುವವರಿಗೆ ಜಿಒವಿ ಡಾಟ್ ಇನ್ ಕಾಣುತ್ತದೆ, ಮನಸ್ಸು ಅಲ್ಲೇ ಒಪ್ಪಿಬಿಡುತ್ತದೆ. ಹಿಂದಿನಿಂದ ಓದಿದರೆ ಬಾಲ ಡಾಟ್ ಸೈಟ್, ಯಜಮಾನ ಪ್ಲೇಟ್‌ಬುಕ್ ಎಂಬ ಯಾರೋ. ಸರ್ಕಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಡುವೆ ಚುಕ್ಕೆಯ ಬದಲು ಸಣ್ಣ ಅಡ್ಡಗೆರೆ ಹಾಕಿ ‘ಕರ್ನಾಟಕ-ಜಿಒವಿ ಡಾಟ್ ಇನ್’ ಎಂದು ಬರೆಯುವುದು ಇನ್ನೊಂದು ಕೈಚಳಕ. ಅಲ್ಲಿ ಬಾಲ ಬರೀ ಡಾಟ್ ಇನ್. ಆ ಬಾಲದ ಹೆಸರನ್ನು ದುಡ್ಡು ಕೊಟ್ಟರೆ ಯಾರು ಬೇಕಾದರೂ ಕೊಳ್ಳಬಹುದು. ಚುಕ್ಕೆಯೊಡನೆ ಬರುವ ಜಿಒವಿ ಡಾಟ್ ಇನ್ ಹಾಗಲ್ಲ. ಅದನ್ನು ಎನ್‌ಐಸಿ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಸರ್ಕಾರಿ ಕಚೇರಿಗಳಿಗೆ ಮಾತ್ರ ಕೊಡುತ್ತದೆ.

ಬ್ಯಾಂಕ್‌ಗಳ ವಿಷಯದಲ್ಲಿ ಈಗ ಒಂದು ಒಳ್ಳೆಯ ಬದಲಾವಣೆ ಆಗಿದೆ. ಇದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ, ನೀವೂ ನಾಲ್ಕು ಜನಕ್ಕೆ ಹೇಳಿ. ಎಲ್ಲ ಬ್ಯಾಂಕ್‌ಗಳೂ ತಮ್ಮ ತಾಣವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಹೊಸ ಬಾಲಕ್ಕೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಆದೇಶಿಸಿ, ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಆ ಬಾಲ ಬ್ಯಾಂಕ್ ಅಲ್ಲದವರಿಗೆ ಸಿಗುವುದಿಲ್ಲ. ಸ್ಟೇಟ್ ಬ್ಯಾಂಕ್ ಈಗ ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್’. ಇಲ್ಲೂ ಚುಕ್ಕೆ ನೋಡಬೇಕು. ‘ಎಸ್‌ಬಿಐ’ ಮತ್ತು ‘ಬ್ಯಾಂಕ್’ ನಡುವೆ ಚುಕ್ಕೆಯ ಜಾಗದಲ್ಲಿ ಅಡ್ಡಗೆರೆ ಇದ್ದರೆ ಅದು ಬೇರೆ ಯಾರದೋ ತಾಣ. ನಿಮ್ಮ ಪಾಸ್‌ಬುಕ್ ಇರುವ ಶಾಖೆಗೆ ಹೋಗಿ ಅವರ ಹೊಸ ವಿಳಾಸ ಕೇಳಿ, ಪಾಸ್‌ಬುಕ್ಕಿನ ಮೇಲೇ ಬರೆಸಿಕೊಳ್ಳಿ.

ಬೀಗದ ಚಿತ್ರದ ಬಗ್ಗೆಯೂ ಹೇಳಬೇಕು. ವಿಳಾಸದ ಪಕ್ಕ ಬೀಗ ಇದ್ದರೆ ತಾಣ ಸುರಕ್ಷಿತ ಎಂದು ಬಹಳ ಕಾಲ ನಮಗೆಲ್ಲ ಹೇಳಿಕೊಟ್ಟರು. ಬೀಗ ಹೇಳುವುದು ಇಷ್ಟೇ: ನಿಮ್ಮ ಫೋನಿಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾರರು. ಆಚೆ ತುದಿಯಲ್ಲಿ ಕೂತಿರುವವನು ಕಳ್ಳನೋ ಸಾಚಾನೋ ಅದಕ್ಕೆ ಗೊತ್ತಿಲ್ಲ. ಆ ಬೀಗಕ್ಕೆ ಬೇಕಾದ ಪ್ರಮಾಣಪತ್ರ ಸುಮಾರು 2016ರಿಂದೀಚೆಗೆ ಪುಕ್ಕಟೆ ಸಿಗುತ್ತಿದೆ, ಕಳ್ಳರ ತಾಣಕ್ಕೂ ಸಿಗುತ್ತದೆ. ಜನ ಬೀಗವನ್ನು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆ ಎಂದು ಗೂಗಲ್ ತನ್ನ ಕ್ರೋಮ್‌ನಿಂದ ಆ ಚಿತ್ರವನ್ನು 2023ರಲ್ಲಿ ತೆಗೆದೇಬಿಟ್ಟಿತು. ಆದರೂ ಹಳೆಯ ಪಾಠ ಹೋಗಿಲ್ಲ. ಈಗಲೂ ಕೆಲವು ತರಬೇತಿಗಳಲ್ಲಿ ‘ಬೀಗ ನೋಡಿ’ ಎಂದು ಹೇಳಿಕೊಡುತ್ತಾರೆ. ದಯವಿಟ್ಟು ನಿಲ್ಲಿಸಬೇಕು.

ಅಕ್ಷರದಲ್ಲೂ ಮೋಸ ಇದೆ. ಇಂಗ್ಲಿಷಿನ ಆರ್ ಮತ್ತು ಎನ್ ಒತ್ತೊತ್ತಾಗಿ ಬಂದರೆ ಸಣ್ಣ ಪರದೆಯಲ್ಲಿ ಎಂ ಥರ ಕಾಣುತ್ತದೆ. ಓ ಅಕ್ಷರದ ಜಾಗಕ್ಕೆ ಸೊನ್ನೆ ಹಾಕುತ್ತಾರೆ. 2017ರಲ್ಲಿ ಒಬ್ಬ ಸಂಶೋಧಕರು ರಷ್ಯನ್ ಲಿಪಿಯ ಅಕ್ಷರಗಳಿಂದಲೇ ‘ಆ್ಯಪಲ್’ ಎಂದು ಕಾಣುವ ವಿಳಾಸ ಮಾಡಿ ತೋರಿಸಿದರು. ಆಗಿನ ಕ್ರೋಮ್‌ನಲ್ಲಿ ಕಣ್ಣಿಗೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಹಾಗಾದರೆ ಎಷ್ಟು ಎಚ್ಚರದಿಂದ ಓದಿದರೂ ಸಾಲದೇ ಎಂದು ಕೇಳಬಹುದು. ಓದುವುದು ಬೇಕೇ ಬೇಕು, ಜೊತೆಗೆ ಬಂದ ದಾರಿಯನ್ನೂ ನೋಡಬೇಕು. ನನಗೆ ಇದೇ ಹೆಚ್ಚು ಮುಖ್ಯ.

ನಿಯಮ ಸರಳ. ಮೆಸೇಜಿನಲ್ಲಿ ಬಂದ ಲಿಂಕಿನ ಮೂಲಕ ಬ್ಯಾಂಕಿಗಾಗಲಿ ಸರ್ಕಾರಿ ತಾಣಕ್ಕಾಗಲಿ ಹೋಗಲೇಬೇಡಿ. ಮೆಸೇಜು ನಿಜವೇ ಇರಬಹುದು, ಇರಲಿ. ಅದನ್ನು ಮುಚ್ಚಿ, ವಿಳಾಸವನ್ನು ನಿಮ್ಮ ಕೈಯಾರೆ ಟೈಪ್ ಮಾಡಿ ಅಥವಾ ಮೊದಲೇ ಉಳಿಸಿಟ್ಟ ಬುಕ್‌ಮಾರ್ಕ್‌ನಿಂದ ಹೋಗಿ ನೋಡಿ. ನಿಮ್ಮ ಬಾಕಿ ಬಿಲ್ಲು, ದಂಡ, ಪಾರ್ಸೆಲ್ಲು, ರೀಫಂಡು ಏನಿದ್ದರೂ ಅಲ್ಲಿ ಕಾಣಲೇಬೇಕು. ಅಲ್ಲಿ ಇಲ್ಲವೆಂದರೆ ಇಲ್ಲ. ಪಾಸ್‌ವರ್ಡನ್ನು ಫೋನೇ ನೆನಪಿಟ್ಟುಕೊಳ್ಳುವಂತೆ ಉಳಿಸಿದ್ದವರಿಗೆ ಇನ್ನೊಂದು ಅನುಕೂಲ ಇದೆ. ಫೋನು ಚೆಂದ ನೋಡುವುದಿಲ್ಲ, ವಿಳಾಸವನ್ನಷ್ಟೇ ನೋಡುತ್ತದೆ. ದಿನಾ ತಾನಾಗಿ ತುಂಬುತ್ತಿದ್ದ ಪಾಸ್‌ವರ್ಡ್ ಇವತ್ತು ತುಂಬಲಿಲ್ಲವೆಂದರೆ, ಕೈಯಲ್ಲಿ ಟೈಪ್ ಮಾಡಲು ಹೋಗಬೇಡಿ. ನೀವು ಬೇರೆ ತಾಣದಲ್ಲಿರಬಹುದು.

ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಬರುವುದೇ ಅಸಲಿ ಎಂಬ ನಂಬಿಕೆಯೂ ತಪ್ಪು. ಮೇಲಿನ ಸಾಲುಗಳಲ್ಲಿ ‘ಪ್ರಾಯೋಜಿತ’ ಎಂದು ಇರುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ತೀರ್ಥಯಾತ್ರೆಗೆ ಹೊರಟವರು ಇದರಲ್ಲಿ ತುಂಬ ಸಿಕ್ಕಿಬೀಳುತ್ತಾರೆ. ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್ ಎಂದು ಹುಡುಕಿ ನಕಲಿ ತಾಣದಲ್ಲಿ ದುಡ್ಡು ಕಟ್ಟಿದವರು ದೇಶದ ಎಲ್ಲ ಕಡೆ ಇದ್ದಾರೆ. ಅಧಿಕೃತ ಬುಕಿಂಗ್ ಐಆರ್‌ಸಿಟಿಸಿಯ ‘ಹೆಲಿಯಾತ್ರಾ’ ತಾಣದಲ್ಲಿ. ಬಾಲದ ಪಕ್ಕ ಐಆರ್‌ಸಿಟಿಸಿ ಎಂದೇ ಇರಬೇಕು. ತಿರುಪತಿಯ ದರ್ಶನ, ವಸತಿಗೆ ಟಿಟಿಡಿಯ ತಾಣ ‘ಎಪಿ ಡಾಟ್ ಜಿಒವಿ ಡಾಟ್ ಇನ್’ ಎಂದು ಕೊನೆಯಾಗುತ್ತದೆ. ನಕಲಿ ತಾಣಗಳ ಮೇಲೆ ಟಿಟಿಡಿ ಪೊಲೀಸರಿಗೆ ದೂರು ಕೊಟ್ಟಿದೆ, ಒಂದನ್ನು ಮುಚ್ಚಿಸಿದರೆ ಇನ್ನೊಂದು ಹುಟ್ಟುತ್ತದೆ. ಕಸ್ಟಮರ್ ಕೇರ್ ನಂಬರನ್ನಂತೂ ಗೂಗಲ್‌ನಲ್ಲಿ ಹುಡುಕಲೇಬಾರದು. ಎಟಿಎಂ ಕಾರ್ಡಿನ ಹಿಂಬದಿಯಲ್ಲಿ, ಬಿಲ್ಲಿನ ಮೇಲೆ, ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ನಂಬರೇ ನಂಬರು.

ಎಸ್‌ಎಂಎಸ್ ಕಳಿಸಿದವರು ಯಾರು ಎಂಬುದರಲ್ಲೂ ಗುರುತಿದೆ. ಬ್ಯಾಂಕ್, ಇಲಾಖೆ, ಕಂಪನಿಗಳ ಮೆಸೇಜು ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ. ಇಂಗ್ಲಿಷಿನ ಎರಡು ಅಕ್ಷರ, ಗೆರೆ, ಸಂಸ್ಥೆಯ ಸಂಕ್ಷಿಪ್ತ ಹೆಸರು, ಹೀಗೆ ಬರುತ್ತದೆ. 2025ರ ಮೇ ತಿಂಗಳಿಂದ ಅದರ ಕೊನೆಗೆ ಇನ್ನೊಂದು ಅಕ್ಷರವೂ ಸೇರಿದೆ: ಸರ್ಕಾರದ್ದಾದರೆ ಜಿ, ವಹಿವಾಟಿನದ್ದಾದರೆ ಟಿ, ಸೇವೆಯದ್ದಾದರೆ ಎಸ್, ಜಾಹೀರಾತಾದರೆ ಪಿ. ‘ಇವತ್ತು ರಾತ್ರಿ 9.30ಕ್ಕೆ ನಿಮ್ಮ ಮನೆಯ ಕರೆಂಟು ಕಡಿತವಾಗುತ್ತದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ’ ಎಂದು 2022ರಲ್ಲಿ ಊರೂರಿಗೆ ಬಂದ ಮೆಸೇಜುಗಳೆಲ್ಲ ಖಾಸಗಿ ಮೊಬೈಲ್ ನಂಬರುಗಳಿಂದ ಬಂದವು. ಬೆಸ್ಕಾಂ ಆಗಲೇ ಎಚ್ಚರಿಸಿತ್ತು. ಬಿಲ್ ಬಾಕಿಗಾಗಿ ಸಂಪರ್ಕ ಕಡಿತ ಮಾಡುವ ಮುಂಚೆ ಕನಿಷ್ಠ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು ಎಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಸೆಕ್ಷನ್ ಹೇಳುತ್ತದೆ. ಈ ಒಂದು ವಿಷಯ ಗೊತ್ತಿದ್ದರೆ ಆ ರಾತ್ರಿಯ ಗಾಬರಿಯೇ ಇರುತ್ತಿರಲಿಲ್ಲ. ಗಾಬರಿ ಹುಟ್ಟಿಸುವುದೇ ಅವರ ಕಸುಬು. ಇಷ್ಟು ಗಂಟೆಯೊಳಗೆ ಎಂದು ಯಾರಾದರೂ ಗಡುವು ಹಾಕಿದರೆ, ಆ ಗಡುವು ಮುಗಿಯುವ ತನಕ ಏನೂ ಮಾಡದೆ ಕೂರಿ ಎಂದು ನಾನು ವಯಸ್ಸಾದವರಿಗೆ ಹೇಳುತ್ತೇನೆ. ನಿಜವಾದ ಇಲಾಖೆಯಾದರೆ ನಾಳೆಯೂ ಅಲ್ಲೇ ಇರುತ್ತದೆ.

ಈಗಿನ ದೊಡ್ಡ ಅಪಾಯ ವೆಬ್‌ಸೈಟನ್ನೂ ದಾಟಿ ಬಂದಿದೆ. ಅದು ಎಪಿಕೆ ಫೈಲು. ವಾಟ್ಸ್ಆ್ಯಪ್‌ನಲ್ಲಿ ಬರುವ ಆ್ಯಪ್ ಅದು. ಮದುವೆ ಆಹ್ವಾನ ಪತ್ರಿಕೆ ಎಂಬ ಹೆಸರಿನಲ್ಲಿ ಬರುತ್ತದೆ, ಬ್ಯಾಂಕ್ ಕೆವೈಸಿ ಎಂದು ಬರುತ್ತದೆ, ಸಂಚಾರ ದಂಡದ ಚಲನ್ ಎಂದು ಬರುತ್ತದೆ. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಇತ್ತು. ಆ ದಿನಗಳಲ್ಲಿ ನಮ್ಮೂರಲ್ಲಿ ಲಗೇಜ್ ಆಟೊ ಓಡಿಸುವ ಒಬ್ಬ ಹುಡುಗನಿಗೆ ಚಲನ್ ಹೆಸರಿನ ಫೈಲು ಬಂತು. ಕಳಿಸಿದ್ದು ಅಪರಿಚಿತರಲ್ಲ, ಅವನದೇ ಸ್ಟ್ಯಾಂಡಿನ ಇನ್ನೊಬ್ಬ ಚಾಲಕನ ನಂಬರು. ಹಾಗಾಗಿ ನಂಬಿದ. ಒತ್ತಿದಾಗ ಫೋನು ‘ಇದು ಅಪಾಯಕಾರಿ ಆಗಿರಬಹುದು’ ಎಂದು ತಡೆಯಿತಂತೆ. ಸ್ನೇಹಿತ ಕಳಿಸಿದ್ದಲ್ಲವೇ ಎಂದು ‘ಆದರೂ ಇನ್‌ಸ್ಟಾಲ್ ಮಾಡು’ ಒತ್ತಿದ. ಎಸ್‌ಎಂಎಸ್ ಓದಲು ಅನುಮತಿ ಕೇಳಿತು, ಕೊಟ್ಟ. ಆಮೇಲೆ ಆ ಆ್ಯಪಿನ ಚಿತ್ರವೇ ಪರದೆಯಿಂದ ಮಾಯವಾಯಿತು. ಇವನು ಮರೆತು ತೆಂಗಿನಕಾಯಿ ಲೋಡಿಗೆ ಹೋದ. ಒಳಗೆ ಕೂತ ಆ್ಯಪು ಬ್ಯಾಂಕಿನ ಒಟಿಪಿಗಳನ್ನು ಓದಿ ಯಾರಿಗೋ ಕಳಿಸುತ್ತಿತ್ತು. ಅದೇ ಹೊತ್ತಿನಲ್ಲಿ ಇವನ ವಾಟ್ಸ್ಆ್ಯಪ್‌ನಿಂದ ಅದೇ ಫೈಲು ಇವನ ಬಂಧು-ಬಳಗಕ್ಕೆಲ್ಲ ಹೋಗತೊಡಗಿತು. ಸ್ನೇಹಿತನ ಫೋನಿನಿಂದ ಬಂದದ್ದೂ ಹೀಗೆಯೇ. ಅವನು ಕಳಿಸಿದ್ದಲ್ಲ, ಅವನ ಫೋನು ಕಳಿಸಿದ್ದು. ಪರಿಚಿತರಿಂದ ಬಂತು ಎಂಬ ಕಾರಣಕ್ಕೆ ನಂಬುವ ಕಾಲ ಹೋಯಿತು ಎಂದು ಅವತ್ತು ನನಗೆ ಗಟ್ಟಿಯಾಗಿ ಅನಿಸಿತು.

ಅಸಲಿ ಚಲನ್ ಎಂದೂ ಆ್ಯಪಿನ ರೂಪದಲ್ಲಿ ಬರುವುದಿಲ್ಲ. ದಂಡ ಇದೆಯೋ ಇಲ್ಲವೋ ನೋಡಲು ‘ಇ-ಚಲನ್ ಡಾಟ್ ಪರಿವಾಹನ್ ಡಾಟ್ ಜಿಒವಿ ಡಾಟ್ ಇನ್’ ಇದೆ, ಅದರಲ್ಲಿ ‘ಇ’ ಮತ್ತು ‘ಚಲನ್’ ನಡುವೆ ಗೆರೆ ಇಲ್ಲ, ಕೂಡಿಸಿ ಬರೆಯಬೇಕು. ಅದೂ ಕಷ್ಟವೆನಿಸಿದರೆ ಠಾಣೆಗೇ ಹೋಗಿ ಕೇಳಿ. ಆ್ಯಪುಗಳನ್ನು ಪ್ಲೇ ಸ್ಟೋರ್‌ನಿಂದ ಬಿಟ್ಟು ಬೇರೆಲ್ಲಿಂದಲೂ ಹಾಕಿಕೊಳ್ಳಬೇಡಿ.

ಆ ಹುಡುಗ ಓಡಿ ಬಂದಾಗ ಖಾತೆಯಿಂದ ಎರಡು ಸಲ ಹಣ ಹೋಗಿತ್ತು. ಮೊದಲು ಅವನ ಫೋನಿನ ಇಂಟರ್‌ನೆಟ್ ಆಫ್ ಮಾಡಿ ಸಿಮ್ ತೆಗೆದೆವು. ಸಿಮ್ಮನ್ನು ಒಂದು ಕೀಪ್ಯಾಡ್ ಫೋನಿಗೆ ಹಾಕಿದೆವು. ನನ್ನ ಫೋನಿನಿಂದ 1930ಕ್ಕೆ ಕರೆ ಮಾಡಿದೆವು. ಸೈಬರ್ ವಂಚನೆಗೆಂದೇ ದೇಶಕ್ಕೆಲ್ಲ ಇರುವ ಸಹಾಯವಾಣಿ ಅದು. ಮೊದಲು 155260 ಎಂದಿತ್ತು, ನೆನಪಿಡಲು ಸುಲಭವಾಗಲಿ ಎಂದು ನಾಲ್ಕಂಕಿಗೆ ಇಳಿಸಿದರು. ಅವರು ಕೇಳುವುದು ಖಾತೆ ಯಾವ ಬ್ಯಾಂಕಿನದು, ಎಷ್ಟು ಹಣ, ಎಷ್ಟು ಹೊತ್ತಿಗೆ ಹೋಯಿತು, ವಹಿವಾಟಿನ ಸಂಖ್ಯೆ ಏನು ಎಂದು. ಬ್ಯಾಂಕಿನ ಮೆಸೇಜಿನಲ್ಲಿ ಇದೆಲ್ಲ ಇರುತ್ತದೆ, ಅದಕ್ಕೇ ಆ ಮೆಸೇಜನ್ನು ಅಳಿಸಬಾರದು. ದೂರು ದಾಖಲಾದೊಡನೆ ಹಣ ಮುಂದೆ ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಕಳ್ಳರು ಅದನ್ನು ಇನ್ನೊಂದು ಖಾತೆಗೆ ದಾಟಿಸುವಷ್ಟರಲ್ಲಿ ತಡೆದರೆ ಉಳಿಯುತ್ತದೆ. ಆಮೇಲೆ ‘ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್’ ತಾಣದಲ್ಲಿ ದೂರನ್ನು ಪೂರ್ತಿ ಮಾಡಿದೆವು. ಅವನ ಬ್ಯಾಂಕ್ ಶಾಖೆಯಲ್ಲಿ “ಇವತ್ತು ಸಮಯ ಆಯ್ತು, ನಾಳೆ ಬನ್ನಿ” ಎಂದರು. ಒಂದೊಂದು ನಿಮಿಷವೂ ಲೆಕ್ಕಕ್ಕಿರುವಾಗ ಹಾಗೆ ಹೇಳುವುದು ತಪ್ಪು. ನಾವು ಅಲ್ಲಿಂದ ಏಳದೆ ಕೂತು, ಖಾತೆ ತಡೆಹಿಡಿಸಿ, ದೂರಿಗೆ ಸ್ವೀಕೃತಿ ಬರೆಸಿಕೊಂಡೆವು. ಮರುದಿನ ಅವನು ಸೈಬರ್ ಅಪರಾಧ ನೋಡಿಕೊಳ್ಳುವ ತುಮಕೂರಿನ ಸಿಇಎನ್ ಠಾಣೆಗೆ ಹೋದ. ಮೊದಲನೆಯ ಮೊತ್ತ ಕೈತಪ್ಪಿತು. ಎರಡನೆಯದು ತಡೆಯಲ್ಲಿ ಸಿಕ್ಕಿತು, ನ್ಯಾಯಾಲಯದ ಆದೇಶವಾದ ಮೇಲೆ ಖಾತೆಗೆ ಮರಳಿತು. ಫೋನನ್ನು ಪೂರ್ತಿ ರೀಸೆಟ್ ಮಾಡಿಯೇ ಅವನಿಗೆ ಕೊಟ್ಟದ್ದು.

ಸ್ವೀಕೃತಿ ಯಾಕೆ ಅಷ್ಟು ಮುಖ್ಯ? ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇದೆ. ಗ್ರಾಹಕರ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ, ಬೇರೆ ಯಾರೋ ಎಲ್ಲೋ ಮಾಡಿದ ಕೃತ್ಯದಿಂದ ಹಣ ಹೋಗಿದ್ದು, ಬ್ಯಾಂಕಿನ ಮೆಸೇಜು ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಇಲ್ಲ ಎಂದು ಅದು ಹೇಳುತ್ತದೆ. ಒಟಿಪಿ, ಪಿನ್ ನೀವೇ ಹೇಳಿದ್ದರೆ ತಿಳಿಸುವ ತನಕದ ನಷ್ಟ ನಿಮ್ಮದು. ತಿಳಿಸಿದ ಮೇಲೂ ಹಣ ಹೋದರೆ ಅದು ಬ್ಯಾಂಕಿನದು. ಹೇಗೆ ನೋಡಿದರೂ ಬೇಗ ತಿಳಿಸಿದವರಿಗೆ ಬಲ ಹೆಚ್ಚು.

ಆದರೆ ಜನ ಬೇಗ ತಿಳಿಸುವುದಿಲ್ಲ. ಅದೇ ನನ್ನ ಹೊಟ್ಟೆ ಉರಿಸುವ ಸಂಗತಿ. ಹೊನ್ನವಳ್ಳಿ ಕಡೆಯ ಒಬ್ಬ ಅಮ್ಮನಿಗೆ ‘ಗೃಹಲಕ್ಷ್ಮಿ ಬಾಕಿ ಕಂತು ಪಡೆಯಿರಿ’ ಎಂಬ ಲಿಂಕು ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದಿತ್ತು. ಆಧಾರ್ ಕೇಳಿತು, ಎಟಿಎಂ ಕಾರ್ಡಿನ ನಂಬರ್ ಕೇಳಿತು, ಒಟಿಪಿ ಕೇಳಿತು. ಗೃಹಲಕ್ಷ್ಮಿ ಹಣ ಆಧಾರ್ ಜೋಡಣೆಯಾದ ಖಾತೆಗೆ ತಾನಾಗಿ ಬರುವಂಥದ್ದು, ಅದಕ್ಕೆ ಕಾರ್ಡಿನ ನಂಬರ್ ಯಾರಿಗೂ ಬೇಕಾಗಿಲ್ಲ ಎಂದು ಅವರಿಗೆ ಹೇಳಿದವರಿಲ್ಲ. ತಿಂಗಳು ತಿಂಗಳು ಎರಡು ಸಾವಿರದಂತೆ ಮಗಳ ಕಾಲೇಜಿಗೆ ಕೂಡಿಟ್ಟಿದ್ದು ಖಾಲಿಯಾಯಿತು. ಅವರು ನನ್ನ ಬಳಿ ಬಂದದ್ದು ನಾಲ್ಕು ದಿನ ಕಳೆದ ಮೇಲೆ. ಯಾಕಮ್ಮ ಇಷ್ಟು ತಡ ಎಂದರೆ, “ಯಜಮಾನ್ರಿಗೆ ಗೊತ್ತಾದ್ರೆ ಬೈತಾರೆ ಅಂತ ಸುಮ್ಮನಿದ್ದೆ ಕಣಮ್ಮ, ಬುದ್ಧಿ ಇಲ್ವಾ ನಿಂಗೆ ಅಂತಾರೆ” ಎಂದರು. ಅಷ್ಟು ಹೊತ್ತಿಗೆ ತಡೆಯಲು ಏನೂ ಉಳಿದಿರಲಿಲ್ಲ.

ಮೋಸ ಹೋದವರನ್ನು ದಡ್ಡರು ಎನ್ನುವುದನ್ನು ಮನೆಯವರು ನಿಲ್ಲಿಸಬೇಕು. ಇಂಜಿನಿಯರುಗಳೂ ಮೋಸ ಹೋಗಿದ್ದಾರೆ, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರೂ ಹೋಗಿದ್ದಾರೆ. ಆಚೆ ಕಡೆ ಕೂತಿರುವವರು ಇದನ್ನೇ ವೃತ್ತಿ ಮಾಡಿಕೊಂಡವರು. ಜಾರ್ಖಂಡದ ಜಾಮತಾಡಾದಿಂದ ಹಿಡಿದು ಮ್ಯಾನ್ಮಾರ್, ಕಾಂಬೋಡಿಯಾಗಳ ದೊಡ್ಡ ವಠಾರಗಳ ತನಕ ಈ ದಂಧೆ ಹಬ್ಬಿದೆ. ಕೆಲಸದ ಆಸೆ ತೋರಿಸಿ ಕರೆದೊಯ್ದ ನಮ್ಮ ದೇಶದ ಹುಡುಗರನ್ನೇ ಅಲ್ಲಿ ಬಲವಂತವಾಗಿ ಕೂರಿಸಿ ಮೋಸದ ಮೆಸೇಜು ಕಳಿಸಿದ್ದೂ ಉಂಟು. ಅಂಥವರ ಮುಂದೆ ಹಳ್ಳಿಯ ಒಬ್ಬ ತಾಯಿ ಸೋತರೆ ಅದು ಅವರ ಬುದ್ಧಿಯ ಅಳತೆ ಅಲ್ಲ. ನಾವು ಬೈದಷ್ಟೂ ಅವರು ಮುಚ್ಚಿಡುತ್ತಾರೆ, ಮುಚ್ಚಿಟ್ಟಷ್ಟೂ ಕಳ್ಳನಿಗೆ ಸಮಯ ಸಿಗುತ್ತದೆ.

ಕಾಲೇಜು ಹುಡುಗರಿಗೂ ಒಂದು ಮಾತು. ‘ನಿನ್ನ ಖಾತೆ ಬಳಸಲು ಕೊಡು, ಕಮಿಷನ್ ಕೊಡುತ್ತೇವೆ’ ಎಂದು ಯಾರಾದರೂ ಕೇಳಿದರೆ ಕೊಡಬೇಡಿ. ಕದ್ದ ದುಡ್ಡು ಹಾದುಹೋಗುವುದು ಅಂಥ ಖಾತೆಗಳ ಮೂಲಕವೇ, ಪೊಲೀಸರು ಮೊದಲು ಬಂದು ನಿಲ್ಲುವುದೂ ಆ ಖಾತೆದಾರನ ಮನೆ ಮುಂದೆಯೇ.

ಇದನ್ನು ಓದಿದವರಲ್ಲಿ ನನ್ನದೊಂದು ಕೋರಿಕೆ. ಇವತ್ತು ಸಂಜೆ ನಿಮ್ಮ ತಾಯಿ, ತಂದೆ, ಅತ್ತೆ, ಮಾವ ಯಾರಿದ್ದಾರೋ ಅವರ ಫೋನು ತೆಗೆದುಕೊಂಡು 1930 ಸೇವ್ ಮಾಡಿ. ಅವರ ಬ್ಯಾಂಕಿನ ಅಸಲಿ ವಿಳಾಸವನ್ನು ಬುಕ್‌ಮಾರ್ಕ್ ಮಾಡಿಕೊಡಿ, ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆ್ಯಪ್ ಹಾಕಿಕೊಳ್ಳುವ ಅನುಮತಿ ತೆರೆದಿದ್ದರೆ ಮುಚ್ಚಿ. ಆಮೇಲೆ ಅವರ ಪಕ್ಕ ಕೂತು, ಏನೇ ಆದರೂ ಮೊದಲು ನನಗೆ ಹೇಳಿ, ನಾನು ಬೈಯುವುದಿಲ್ಲ ಎಂದು ಮಾತು ಕೊಡಿ.